ತಿರಸ್ಕಾರ ಮತ್ತು ಒಗ್ಗದಿಕೆ: ಒಂದು ಪದವಿಚಾರ

ಮುಂಬಯಿ ಕನ್ನಡಿಗರ ಆಡುಮಾತಿನಲ್ಲಿ ‘ರಿಜೆಕ್ಟ್’ ಎಂಬ ಆಂಗ್ಲಪದವು ಪರಸ್ಪರ ತೀರ ಭಿನ್ನವಾದ ಸಂದರ್ಭಗಳಲ್ಲಿ ಬಳಕೆಯಾಗುತ್ತದೆ. ಬಾಂದ್ರಾ ಉಪನಗರವೊಂದರಲ್ಲಿಯೇ ಇದನ್ನು ಗಮನಿಸಬಹುದು. ಪೂರ್ವದಲ್ಲಿ, ಬಾಂದ್ರಾ-ಕುರ್ಲಾ ಸಂಕೀರ್ಣಕ್ಕೆ 2011ರಲ್ಲಿ ಸ್ಥಳಾಂತರಗೊಂಡ ಅಮೆರಿಕದ ಕಾನ್ಸುಲೇಟಿನಿಂದ ವೀಸಾ ದೊರೆಯದೆ ಹೊರಬಂದವರ ಮಾತು ಅದು. ಪಶ್ಚಿಮದಲ್ಲಿ, ರಿಕ್ಲಮೇಶನ್ ಬಳಿಯ ಲೀಲಾವತಿಯಂತಹ ದೊಡ್ಡ ಆಸ್ಪತ್ರೆಗಳ ಮೊಗಸಾಲೆಯಲ್ಲಿ ಮೂತ್ರಪಿಂಡದ ಕಸಿಯನ್ನು ಕುರಿತ ಮಾತೂ ಅದೇ. ಬರವಣಿಗೆಗೆ ಇಳಿದಾಗ ಎರಡನ್ನೂ ನಾವು ‘ತಿರಸ್ಕಾರ’ ಎಂದುಬಿಡುತ್ತೇವೆ.

ಸಂಸ್ಕೃತದ ‘ತಿರಸ್’ ಎಂದರೆ ಅಡ್ಡ, ಮರೆ. ‘ತಿರಸ್ಕರಿಣಿ’ ಎಂದರೆ ಪರದೆ. ಮರೆಮಾಡುವುದು ಎಂಬ ಅರ್ಥದಿಂದ ಕಡೆಗಣಿಸುವುದು, ಹೀನೈಸುವುದು ಎಂಬ ಅರ್ಥಗಳು ಬೆಳೆದಿವೆ. ಕನ್ನಡದಲ್ಲಿ ಅರ್ಜಿಯೂ ತಿರಸ್ಕೃತವಾಗುತ್ತದೆ, ಮನುಷ್ಯನೂ ತಿರಸ್ಕೃತನಾಗುತ್ತಾನೆ. ಮರಾಠಿಯಲ್ಲಾದರೋ ಅದೇ ಪದಕ್ಕೆ ಹೇವರಿಕೆ, ದ್ವೇಷ ಎಂಬ ಅರ್ಥವೇ ಮುಖ್ಯ. ಕಚೇರಿಯ ಅರ್ಜಿಗೆ ಅಲ್ಲಿ ‘ನಾಮಂಜೂರ್’ ಸಾಕು. ಎರಡೂ ಭಾಷೆಗಳ ನಡುವೆ ಬದುಕುವ ಇಲ್ಲಿನ ಕನ್ನಡಿಗನ ಕಿವಿಗೆ ‘ತಿರಸ್ಕಾರ’ವು ಇಮ್ಮಡಿ ಕಟುವಾಗಿ ಕೇಳಿಸುವುದು ಸಹಜ.

ಇದು ಕೇವಲ ಪಂಡಿತರ ಚರ್ಚೆಯಲ್ಲ. 1994ರ ಅಂಗಾಂಗ ಕಸಿ ಕಾಯಿದೆಯನ್ವಯ ಜೀವಂತ ದಾನಿಗಳು ಮುಖ್ಯವಾಗಿ ತಂದೆತಾಯಿ, ಒಡಹುಟ್ಟಿದವರು, ಮಕ್ಕಳು, ಸಂಗಾತಿ. ‘ನಿಮ್ಮ ದೇಹವು ತಂಗಿಯ ಮೂತ್ರಪಿಂಡವನ್ನು ತಿರಸ್ಕರಿಸುತ್ತಿದೆ’ ಎಂಬ ವಾಕ್ಯವನ್ನು ಕೇಳುವವರಲ್ಲಿ ಆ ತಂಗಿಯೂ ಇರುತ್ತಾಳೆ. ವಾಸ್ತವದಲ್ಲಿ ಅಲ್ಲಿ ತಿರಸ್ಕರಿಸುವ ಮನಸ್ಸೇ ಇಲ್ಲ. ಬಿಳಿ ರಕ್ತಕಣಗಳು ಜೀವಕೋಶಗಳ ಮೇಲ್ಮೈಯಲ್ಲಿರುವ ಗುರುತುಗಳನ್ನು ಪರಕೀಯವೆಂದು ಗ್ರಹಿಸಿ ಆಕ್ರಮಿಸುತ್ತವೆ, ಅಷ್ಟೆ. 1954ರಲ್ಲಿ ಬಾಸ್ಟನ್ನಿನಲ್ಲಿ ನಡೆದ ಮೂತ್ರಪಿಂಡದ ಕಸಿ ಸಫಲವಾದದ್ದು ದಾನಿಯೂ ರೋಗಿಯೂ ತದ್ರೂಪಿ ಅವಳಿಗಳಾಗಿದ್ದುದರಿಂದ. ದೇಹವು ಕಸಿಯನ್ನು ಹೊರಕ್ಕೆ ಎಸೆಯುವುದೂ ಇಲ್ಲ. ಅದು ಇದ್ದಲ್ಲಿಯೇ ಇದ್ದು ಹಾನಿಗೊಳ್ಳುತ್ತದೆ. ಬಹಳ ಸಲ ರೋಗಿಗೆ ಯಾವ ಲಕ್ಷಣವೂ ತೋರದೆ, ರಕ್ತದ ಕ್ರಿಯಾಟಿನಿನ್ ಏರಿದಾಗಲೇ ಸಂಶಯ ಹುಟ್ಟುತ್ತದೆ. ಮುಖ್ಯವಾದ ಸಂಗತಿಯೆಂದರೆ, ತೀವ್ರ ಸ್ವರೂಪದ ಇಂತಹ ಅನೇಕ ಪ್ರಸಂಗಗಳು ಸ್ಟೀರಾಯ್ಡ್ ಮೊದಲಾದ ಔಷಧಗಳಿಂದ ಶಮನಗೊಳ್ಳುತ್ತವೆ. ‘ತಿರಸ್ಕಾರ’ವೆಂಬ ಪದವು ಚಿಕಿತ್ಸೆಗೆ ಬಗ್ಗಬಹುದಾದ ಒಂದು ಪ್ರಕ್ರಿಯೆಯನ್ನು ಮುಗಿದುಹೋದ ತೀರ್ಪನ್ನಾಗಿ ಮಾಡಿಬಿಡುತ್ತದೆ.

ಅಚ್ಚಗನ್ನಡದಲ್ಲಿ ಬೇರೆ ದಾರಿಗಳಿವೆ. ‘ಒಲ್ಲೆ’ ಎಂಬುದು ‘ಒಲ್’ ಧಾತುವಿನ ನಿಷೇಧರೂಪ. ಅದು ಬೇಡವೆನ್ನುವವನ ಮನಸ್ಸನ್ನು ಹೇಳುವುದರಿಂದ ದೇಹಕ್ಕೆ ಸಲ್ಲದು. ‘ಒಗ್ಗು’ ಹಾಗಲ್ಲ. ನೀರು ಒಗ್ಗಲಿಲ್ಲ, ಹವೆ ಒಗ್ಗಲಿಲ್ಲ ಎನ್ನುವಾಗ ನಾವು ನೀರನ್ನೂ ಹಳಿಯುವುದಿಲ್ಲ, ಕುಡಿದವನನ್ನೂ ಹಳಿಯುವುದಿಲ್ಲ. ಕರಾವಳಿಯಿಂದ ಮುಂಬಯಿಗೆ ಬಂದವರಿಗೆ ಈ ಮಾತನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಆಕ್ರಮಣದ ಅಂಶ ಇದರಲ್ಲಿ ಮಸುಕಾಗುತ್ತದೆಂಬ ಆಕ್ಷೇಪ ನ್ಯಾಯವಾದದ್ದೇ; ಪಠ್ಯಪುಸ್ತಕಕ್ಕೆ ‘ಕಸಿ ನಿರಾಕರಣೆ’ ಇರಲಿ. ರೋಗಿಯ ಮುಂದೆ ಮಾತ್ರ ‘ಒಗ್ಗದಿಕೆ’ಯೇ ಮೇಲೆಂದು ನನ್ನ ಅಭಿಪ್ರಾಯ. ಆಗ ಪ್ರತಿದಿನದ ಔಷಧವು ‘ಒಗ್ಗಿಸುವ ಮಾತ್ರೆ’ಯಾಗುತ್ತದೆ, ವರ್ಷಗಳು ಕಳೆದ ಮೇಲೂ ಅದನ್ನು ತಾನಾಗಿ ನಿಲ್ಲಿಸಬಾರದೇಕೆ ಎಂಬುದನ್ನು ರೋಗಿಗೆ ಬಿಡಿಸಿ ಹೇಳುವುದೂ ಸುಲಭವಾಗುತ್ತದೆ.