ಬಿದ್ರಿ ಪದಕ: ದಾದಾ ಕಲಿಸಿದ ಪಾಠ

ನಮ್ಮ ಮನೆಯಲ್ಲಿ ಬಿದ್ರಿ ಕೆಲಸ ಬಲ್ಲವರು ದಾದಾ ಒಬ್ಬರೇ. ಅಬ್ಬಾ ಆಟೋ ಓಡಿಸುತ್ತಾರೆ. ದಾದಾ ಅವರ ಕಣ್ಣು ಈಗ ಮಂಜಾಗಿದೆ. ಅವರ ನಂತರ ಈ ಕೆಲಸ ಮನೆಯಲ್ಲಿ ನಿಂತೇ ಹೋಗಬಹುದೆಂದು ಅನ್ನಿಸಿ, ಬೇಸಿಗೆ ರಜೆಯಲ್ಲಿ ನಾನು ಅವರ ಬಳಿ ಒಂದು ಪದಕ ಮಾಡಲು ಕುಳಿತೆ. ಕಲಿತದ್ದನ್ನು ನಿಮಗಾಗಿ ಬರೆಯುತ್ತಿದ್ದೇನೆ.

ಬಿದ್ರಿಗೆ ಆ ಹೆಸರು ಬಂದದ್ದು ನಮ್ಮ ಬೀದರ್‌ನಿಂದ. ಹಿಂದೆ ಹುಕ್ಕಾ, ಹೂಜಿ, ತಟ್ಟೆಗಳನ್ನು ಹೆಚ್ಚಾಗಿ ಮಾಡುತ್ತಿದ್ದರು. ಈಗ ಪದಕ, ಕಿವಿಯೋಲೆಗಳೂ ಆಗುತ್ತವೆ. 2023ರಲ್ಲಿ ಬೀದರ್‌ನ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದದ್ದು ನಿಮಗೆ ನೆನಪಿರಬಹುದು.

ಇದರ ಲೋಹ ಒಂದು ಮಿಶ್ರಲೋಹ. ಹೆಚ್ಚಿನ ಪಾಲು ಸತು, ಸ್ವಲ್ಪ ತಾಮ್ರ. ಅದನ್ನು ಕರಗಿಸಿ ಮಣ್ಣಿನ ಅಚ್ಚಿಗೆ ಹೊಯ್ಯುತ್ತಾರೆ. ತಣ್ಣಗಾದ ಮೇಲೆ ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಬೇಕು. ಆಗ ಮೇಲ್ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ, ಗೀಚಿದ ಗೆರೆ ಬೆಳ್ಳಗೆ ಕಾಣುತ್ತದೆ.

ಚಿತ್ರ ಬಿಡಿಸಲು ನಾನು ದಾದಾ ಅವರ ಹಳೆಯ ಮಾದರಿ ಕೇಳಿದೆ. "ಕಾಗದ ಎಲ್ಲಿದೆ ಬೇಟಿ? ಅಂಗಳದ ಬೇವನ್ನು ನೋಡಿ ಬಾ" ಎಂದರು. ನೋಡಿದೆ. ಬೇವಿನ ಎಲೆ ನಾನು ಅಂದುಕೊಂಡಂತೆ ಇರಲಿಲ್ಲ. ಬುಡದಲ್ಲಿ ಒಂದು ಬದಿ ಅಗಲ, ಇನ್ನೊಂದು ಕಿರಿದು. ಅಂಚಿನಲ್ಲಿ ಗರಗಸದ ಹಲ್ಲು. ಹಾಗೆಯೇ ಬಿಡಿಸಿದೆ.

ಮುಂದಿನದು ಉಳಿಯ ಕೆಲಸ. ಗೆರೆಯುದ್ದಕ್ಕೂ ಕೊರೆದು, ಆ ಕಾಲುವೆಯಲ್ಲಿ ಬೆಳ್ಳಿ ತಂತಿ ಕೂರಿಸಿ ಸುತ್ತಿಗೆಯಿಂದ ಬಡಿಯಬೇಕು. ಬೆಸುಗೆಯೂ ಇಲ್ಲ, ಅಂಟೂ ಇಲ್ಲ. ಕಾಲುವೆಯ ಹಿಡಿತವೇ ಬೆಳ್ಳಿಗೆ ಆಧಾರ. ದಾದಾ ಉಗುರಿನಿಂದ ಸವರಿ, "ತುದಿಯಲ್ಲಿ ಆಳ ಸಾಲದು" ಎಂದರು. ಕಣ್ಣಿಗೆ ಸರಿಯಾಗಿಯೇ ಕಾಣುತ್ತದಲ್ಲ ಎಂದು ನಾನು ಮುಂದುವರಿಸಿದೆ. ಮಟ್ಟ ಮಾಡಲು ಅರ ಹಾಕುತ್ತಿದ್ದಂತೆ ಎಲೆಯ ತುದಿಯ ತಂತಿ ಎದ್ದು ಬಂತು! ದಾದಾ ಬೈಯಲಿಲ್ಲ, ಉಳಿಯನ್ನು ನನ್ನ ಕಡೆ ಸರಿಸಿದರು. ಆ ತುದಿಯನ್ನು ಮತ್ತೆ ಕೊರೆಯಲು ಒಂದು ಇಡೀ ದಿನ ಹಿಡಿಯಿತು.

ಕೊನೆಯದು ಬಣ್ಣ. ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ, ಅಂದರೆ ನಾವು ಓದುವ ಅಮೋನಿಯಂ ಕ್ಲೋರೈಡ್‌ನೊಂದಿಗೆ, ನೀರಿನಲ್ಲಿ ಕಲಸಬೇಕು. ಮಣ್ಣು ಸರಿಯೇ ಎಂದು ದಾದಾ ನಾಲಿಗೆಗೆ ಹಚ್ಚಿ ನೋಡುತ್ತಾರೆ. ಬೆಚ್ಚಗೆ ಮಾಡಿದ ಪದಕಕ್ಕೆ ಅದನ್ನು ಸವರಿ ಉಜ್ಜಿದಾಗ ಮಿಶ್ರಲೋಹ ಕಪ್ಪಾಯಿತು, ಬೆಳ್ಳಿ ಹಾಗೆಯೇ ಉಳಿಯಿತು. ತೊಳೆದು ಎಣ್ಣೆ ಹಚ್ಚಿದೆ. ಕಪ್ಪಿನ ನಡುವೆ ನಮ್ಮ ಅಂಗಳದ ಎಲೆ ಹೊಳೆಯಿತು.

ಅದನ್ನು ದಾದಾ ಅವರ ಅಂಗೈಯಲ್ಲಿಟ್ಟೆ. ಎಲೆ ಅವರಿಗೆ ಸರಿಯಾಗಿ ಕಾಣಲಿಲ್ಲ. ಹೆಬ್ಬೆರಳಿನಿಂದ ನಿಧಾನವಾಗಿ ಸವರಿದರು. ಬೆರಳಿಗೆ ಏನೂ ತಟ್ಟಲಿಲ್ಲ. ತಂತಿ ಚೆನ್ನಾಗಿ ಕೂತಿದೆ ಎನ್ನುವುದಕ್ಕೆ ಅದೇ ಗುರುತು.

"ಈಗ ಎರಡನೆಯದು ಶುರು ಮಾಡು" ಎಂದರು.