ದುಡ್ಡು ಕಟ್ಟುವ ಮುನ್ನ, ಸಿಸ್ಟರ್

ಕುಂಚಾವರಂ ಕಡೆ ರಾತ್ರಿ ಪಾಳಿ ಮುಗಿಸಿ, ಮೊಬೈಲಿನಲ್ಲಿ ‘ಮನೆಯಲ್ಲೇ ಕೂತು ಬಿ.ಎಸ್ಸಿ. ನರ್ಸಿಂಗ್’ ಎಂಬ ಜಾಹೀರಾತು ನೋಡುತ್ತಿರುವ ತಂಗಿಯರೇ, ಅದಕ್ಕೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಯುಜಿಸಿಯ 2020ರ ನಿಯಮದಂತೆ ನರ್ಸಿಂಗ್ ಪದವಿಯನ್ನು ಆನ್‌ಲೈನಿನಲ್ಲಿ ಕೊಡುವಂತಿಲ್ಲ. ನನಗಂತೂ ಈ ನಿಯಮ ಸರಿ ಅನಿಸುತ್ತದೆ. ನಿರ್ಜಲೀಕರಣವಾಗಿ ಬಾಡಿದ ಮಗುವಿನ ಕೈಯಲ್ಲಿ ನರ ಹುಡುಕುವುದನ್ನು ಬೆರಳೇ ಕಲಿಯಬೇಕು.

ಜಿಎನ್‌ಎಂ ಮುಗಿಸಿದವರಿಗೆ ದಾರಿ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಕಾಲೇಜಿಗೆ ಹೋಗಿ ಓದಿದರೆ 2 ವರ್ಷ. ಕೆಲಸದಲ್ಲಿರುವವರಿಗೆಂದೇ ಇಗ್ನೋ 3 ವರ್ಷದ ದೂರಶಿಕ್ಷಣ ನಡೆಸಿಕೊಂಡು ಬಂದಿದೆ. ಪಿಯುಸಿ ನಂತರ ಜಿಎನ್‌ಎಂ ಮಾಡಿದವರಿಗೆ ನೋಂದಣಿಯ ಬಳಿಕ 2 ವರ್ಷ ಅನುಭವ ಬೇಕು, ಪ್ರವೇಶ ಪರೀಕ್ಷೆಯೂ ಇದೆ. ಈ ಸಲ ಅರ್ಜಿ ಕರೆದಿದ್ದಾರೆಯೇ ಎಂಬುದನ್ನು ಏಜೆಂಟರನ್ನು ಕೇಳದೆ, ಇಗ್ನೋದ ಪ್ರಕಟಣೆಯಲ್ಲೇ ನೋಡಿ. ನಿಮಗೆ ಯಾವ ಅಧ್ಯಯನ ಕೇಂದ್ರ ಸಿಗುತ್ತದೆಂದು ಮೊದಲೇ ವಿಚಾರಿಸಿ.

ದೂರಶಿಕ್ಷಣವೆಂದರೂ ಪ್ರಾಯೋಗಿಕ ತರಬೇತಿಗೆ ಹೋಗಲೇಬೇಕು. ಚಿಂಚೋಳಿಯ ಕಾಡಂಚಿನಿಂದ ಬಸ್ಸು ಹಿಡಿದು ದೊಡ್ಡ ಊರು ಮುಟ್ಟುವ ಕಷ್ಟ ನಿಮಗೇ ಗೊತ್ತು. ಆ ದಿನಗಳಿಗೆ ರಜೆ ಯಾರು ಕೊಡುತ್ತಾರೆ, ಮಕ್ಕಳನ್ನು ಯಾರು ನೋಡುತ್ತಾರೆ ಎಂದು ಮನೆಯವರೊಂದಿಗೆ ಕೂತು ಮಾತಾಡಿ. ಸರ್ಕಾರಿ ಸೇವೆಯಲ್ಲಿದ್ದರೆ, ಇಲಾಖೆಯ ಅನುಮತಿಯನ್ನು ಲಿಖಿತವಾಗಿ ಪಡೆದ ಮೇಲೆಯೇ ಅರ್ಜಿ ಹಾಕಿ.