ಜಾತ್ರೆಯಲ್ಲಿ ಗೆದ್ದ ಪಿಂಗಾಣಿ ಗೊಂಬೆ: ಕೂಡಿಡುವವರಿಗೆ ಏಳು ಸೂತ್ರ

ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ, ಸಾಗರದ ಮಾರಿಜಾತ್ರೆಯಿಂದ ಬೆಂಡು-ಬತ್ತಾಸಿನ ಜೊತೆ ರಿಂಗ್ ಎಸೆದು ಗೆದ್ದ ಗೊಂಬೆಯೂ ಮನೆಗೆ ಬರುತ್ತಿತ್ತು. ಕುಪ್ಪಳ್ಳಿ ಸುತ್ತಿನ ಹಳೇ ಮನೆಗಳ ಗಾಜಿನ ಬೀರುಗಳಲ್ಲಿ ಹುಡುಕಿ ನೋಡಿ. ಹುಡುಕುವ ಮೊದಲು ಇಷ್ಟು ತಿಳಿದಿರಲಿ.

1. ಗುಜರಿಗಿಂತ ಮೊದಲು ನೆಂಟರ ಮನೆಗೆ ಹೋಗಿ. ಯಾವ ಜಾತ್ರೆ, ಯಾರು ಗೆದ್ದದ್ದು ಎಂದು ಅಜ್ಜಿಯನ್ನು ಕೇಳಿ, ಅಲ್ಲೇ ಚೀಟಿಯಲ್ಲಿ ಬರೆದುಕೊಳ್ಳಿ. ನನ್ನ ಮಟ್ಟಿಗೆ ಗೊಂಬೆಯ ಬುಡದ ವಿದೇಶಿ ಮುದ್ರೆಗಿಂತ ಈ ಚೀಟಿಗೇ ಬೆಲೆ ಹೆಚ್ಚು.

2. ತಟ್ಟಿ ನೋಡಿ. ಪಿಂಗಾಣಿ ತಣ್ಣಗಿರುತ್ತದೆ, ಟಿಣ್ ಎನ್ನುತ್ತದೆ. ಪ್ಲಾಸ್ಟರ್ ಗೊಂಬೆಯ ಬುಡ ಕೆರೆದರೆ ಸುಣ್ಣದಂಥ ಪುಡಿ ಉದುರುತ್ತದೆ.

3. ಬುಡದ ಮುದ್ರೆ ಓದಿ. ವಿದೇಶಿ ಗೊಂಬೆಯೂ ಸಿಗಬಹುದು. ಇಂಗ್ಲೆಂಡಿನ ಜಾತ್ರೆಗಳಲ್ಲಿ ಬಹುಮಾನವಾಗಿ ಕೊಡುತ್ತಿದ್ದ ‘ಫೇರಿಂಗ್’ ಗೊಂಬೆಗಳಲ್ಲಿ ಹೆಚ್ಚಿನವು ಜರ್ಮನಿಯ ಪೋಸ್ನೆಕ್ ಊರಿನ ಕೊಂಟಾ ಅಂಡ್ ಬೋಮೆ ಕಾರ್ಖಾನೆಯವು. ಗುರಾಣಿಯೊಳಗೆ ಕಠಾರಿ ಹಿಡಿದ ತೋಳು ಅದರ ಮುದ್ರೆ. ಗಂಡ-ಹೆಂಡಿರ ಜಗಳ, ಹಾಸಿಗೆಯ ತಮಾಷೆ ಅವುಗಳ ಅಚ್ಚುಮೆಚ್ಚಿನ ವಸ್ತು. ಕೆಲವನ್ನು ದೇವರ ಕೋಣೆಯ ಹತ್ತಿರ ಇಡುವಂತಿಲ್ಲ! ‘ಮೇಡ್ ಇನ್ ಜರ್ಮನಿ’ ಎಂದಿದ್ದರೆ ಸಾಮಾನ್ಯವಾಗಿ 1887ರ ಬ್ರಿಟಿಷ್ ಕಾನೂನಿನ ನಂತರದ್ದು. ‘ಆಕ್ಯುಪೈಡ್ ಜಪಾನ್’ ಎಂದಿದ್ದರೆ ಎರಡನೇ ಮಹಾಯುದ್ಧ ಮುಗಿದ ಮೇಲೆ, 1952ರೊಳಗಿನದು. ಮುದ್ರೆಯನ್ನೂ ನಕಲು ಮಾಡುತ್ತಾರೆ, ಅದೊಂದನ್ನೇ ನಂಬಿ ದುಡ್ಡು ಬಿಚ್ಚಬೇಡಿ.

4. ಕತ್ತು, ಕೈ, ಟೋಪಿಯ ಅಂಚಿಗೆ ಟಾರ್ಚ್ ಹಿಡಿಯಿರಿ. ಅಂಟು ಹಾಕಿದ ಕಡೆ ಬಣ್ಣ ಬೇರೆ ಕಾಣುತ್ತದೆ. ಒಡಕಿದ್ದರೆ ಚೌಕಾಸಿ ಮಾಡಿ.

5. ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಇದೇನು ಹಿತ್ತಾಳೆ ಚೊಂಬಲ್ಲ. ಚಿನ್ನದ ಗೆರೆ ತಿಕ್ಕಿದರೆ ಹೋಗೇ ಹೋಗುತ್ತದೆ. ಉಗುರುಬೆಚ್ಚಗಿನ ನೀರು, ಮೆತ್ತನೆಯ ಬ್ರಷ್ ಸಾಕು. ಅಂಟು ಹಾಕಿದ್ದನ್ನು ನೆನೆಹಾಕಲೇಬಾರದು. ಟೊಳ್ಳು ಗೊಂಬೆಯೊಳಗೆ ನೀರು ನಿಂತರೆ ನಮ್ಮ ಮಳೆಗಾಲದಲ್ಲಿ ಆರುವುದಿಲ್ಲ.

6. ಪ್ರತಿಯೊಂದರ ಬುಡ, ಮುಖ, ಬೆನ್ನಿನ ಫೋಟೋ ತೆಗೆದು ಪಟ್ಟಿ ಮಾಡಿ, ಕಳುವಾದರೆ ಗುರುತು ಹೇಳಲು ಬೇಕಾಗುತ್ತದೆ. 2015ರ ನವೆಂಬರಿನಲ್ಲಿ ಕುಪ್ಪಳ್ಳಿಯ ಕವಿಮನೆಗೇ ಕಳ್ಳರು ನುಗ್ಗಿ ಕುವೆಂಪು ಅವರ ಪದ್ಮ ಪದಕಗಳನ್ನು ಒಯ್ದರು. ನಿಮ್ಮ ಬೀರುವೇನು ಲೆಕ್ಕ?

7. ಕಾನೂನು ಮರೆಯಬೇಡಿ. ನೂರು ವರ್ಷ ದಾಟಿದ ಕಲಾವಸ್ತುವನ್ನು 1972ರ ಪುರಾವಸ್ತು ಕಾಯಿದೆ ಪುರಾವಸ್ತುವೆಂದೇ ಎಣಿಸುತ್ತದೆ. ಅಂಥವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಅಮೆರಿಕದಲ್ಲಿರುವ ಮಗಳಿಗೆಂದು ಸೂಟ್‌ಕೇಸಿನಲ್ಲಿಟ್ಟು ಕಳಿಸುವುದೂ ಅಪರಾಧವೇ.